ಎರಡು ಗಂಟಿನ ಕಾಡತೂಸು

ನಮ್ಮ ಮನೆಯಲ್ಲಿ ಅಂಗಿಯ ಗುಂಡಿ ಕಿತ್ತರೆ ಹಚ್ಚುವವಳು ನಾನೇ. ಹೊಲಿಗೆ ಡಬ್ಬಿ ತೆಗೆದ ಕೂಡಲೇ ಸೂಜಿಗಿಂತ ಮೊದಲು ಒಂದು ಅಂಗುಸ್ತಾನ ಕೈಗೆ ಸಿಗುತ್ತದೆ. ಅಂಗುಸ್ತಾನ ಗೊತ್ತಲ್ಲ, ಸೂಜಿ ಚುಚ್ಚಬಾರದೆಂದು ದರ್ಜಿಗಳು ಬೆರಳ ತುದಿಗೆ ಹಾಕಿಕೊಳ್ಳುವ ಹಿತ್ತಾಳೆಯ ಪುಟ್ಟ ಟೋಪಿ. ಅದನ್ನು ನಾನು ಬೆರಳಿಗೆ ಹಾಕಿಕೊಳ್ಳುವುದಿಲ್ಲ. ಅಂಗೈಯಲ್ಲಿಟ್ಟು, ತಿರುಗಿಸಿ ನೋಡಿ, ಇದು ಸಣ್ಣದೋ ದೊಡ್ಡದೋ ಎಂದು ಯೋಚಿಸುತ್ತೇನೆ. ಉತ್ತರ ಸಿಗದೆ ಪಕ್ಕಕ್ಕಿಟ್ಟು ಬರಿಗೈಯಲ್ಲೇ ಗುಂಡಿ ಹಚ್ಚಿ ಎರಡು ಸಲ ಚುಚ್ಚಿಸಿಕೊಳ್ಳುತ್ತೇನೆ. ಮದುವೆಯಾಗಿ ಮೂವತ್ತೈದು ವರ್ಷವಾಯಿತು, ಮೊನ್ನೆಯವರೆಗೂ ಇದು ಹೀಗೇ ನಡೆದುಕೊಂಡು ಬಂದಿತ್ತು.

ಒಂದೇ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಸಣ್ಣದೋ ದೊಡ್ಡದೋ ಎಂದು ಹೇಳುವುದು ಹೇಗೆ ಎಂದು ನೀವು ಕೇಳಬಹುದು. ಅದೇ ನನ್ನ ತಾಪತ್ರಯ. ಅಳತೆ ಎಂದರೆ ಹೋಲಿಕೆ ಎಂದು ರೋಣದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವ ವಿಜ್ಞಾನದ ಅಕ್ಕೋರು ನಾನು. ಮಕ್ಕಳು ನನ್ನನ್ನು ಭಾರೀ ಶಿಸ್ತಿನವಳು ಎಂದುಕೊಂಡಿದ್ದಾರೆ. ನನ್ನ ಗುಟ್ಟು ನಿಮಗೆ ಹೇಳುತ್ತೇನೆ. ಎಡ ಯಾವುದು, ಬಲ ಯಾವುದು ಎಂದು ಈ ವಯಸ್ಸಿನಲ್ಲೂ ನನಗೆ ಥಟ್ಟನೆ ತಿಳಿಯುವುದಿಲ್ಲ. ಊಟ ಮಾಡುವ ಕೈ ಯಾವುದೆಂದು ಒಂದು ಕ್ಷಣ ನೆನೆದು, ಆಮೇಲೆ ಬಲ ಎನ್ನುತ್ತೇನೆ. ರಿಕ್ಷಾದವನಿಗೆ ದಾರಿ ಹೇಳುವಾಗ ಮಾತಾಡದೆ ಕೈ ತೋರಿಸುತ್ತೇನೆ. ಬಸ್ ನಿಲ್ದಾಣದ ಹತ್ತಿರವಿರುವ ನಮ್ಮ ಮನೆಗೇ ಒಮ್ಮೆ ಊರೆಲ್ಲ ಸುತ್ತಿಸಿಕೊಂಡು ಬಂದದ್ದುಂಟು. ಇದೊಂದು ಗೊಂದಲ ನನ್ನ ಬದುಕಿನಲ್ಲಿ ಎಷ್ಟು ಕೆಲಸ ಮಾಡಿದೆ ಎಂದು ಗೊತ್ತಾಗಿದ್ದು ಮಾತ್ರ ಮೊನ್ನೆ ಮೊನ್ನೆ, ಗಜೇಂದ್ರಗಡದಲ್ಲಿ ಒಂದು ಬಕೀಟಿನ ಮುಂದೆ ಕೂತಾಗ.

ಆ ಅಂಗುಸ್ತಾನ ದೊಡ್ಡಪ್ಪನದು. ಅಪ್ಪನ ಅಣ್ಣ. ನರಗುಂದದ ಪೇಟೆಯಲ್ಲಿ ಅವನ ಹೊಲಿಗೆ ಅಂಗಡಿ. ಅಂಗಿ, ಪಾಯಜಾಮ ಯಾರಾದರೂ ಹೊಲಿಯುತ್ತಾರೆ, ಕೋಟು ಹೊಲಿಯಬೇಕೆಂದರೆ ದೊಡ್ಡಪ್ಪನೇ ಎಂದು ಹೆಸರಿತ್ತು. ದೊಡ್ಡಪ್ಪ, ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ನಾವೆಲ್ಲ ಒಂದೇ ಮನೆಯಲ್ಲಿದ್ದುದರಿಂದ ನನಗೆ ಆ ವ್ಯತ್ಯಾಸವೇ ಗೊತ್ತಿರಲಿಲ್ಲ. ಶಾಲೆ ಬಿಟ್ಟರೆ ಅಂಗಡಿ, ಅಂಗಡಿ ಮುಚ್ಚಿದರೆ ಮನೆ. ಚಿಂದಿ ಬಟ್ಟೆಯ ಗುಡ್ಡೆಯ ಮೇಲೆ ಬಿದ್ದುಕೊಂಡು, ಮಿಷಿನ್ನಿನ ಸಪ್ಪಳ ಕೇಳುತ್ತ ಎಷ್ಟು ಸಲ ನಿದ್ದೆ ಹೋಗಿದ್ದೇನೋ ಲೆಕ್ಕವಿಲ್ಲ. ಆ ಚಿಂದಿಗಳಿಗೆ ಹೊಸ ಬಟ್ಟೆಯ ಗಂಜಿಯ ವಾಸನೆ ಇರುತ್ತಿತ್ತು. ಈಗಲೂ ಬಟ್ಟೆ ಅಂಗಡಿಗೆ ಹೋದರೆ ನನಗೆ ಕೊಳ್ಳುವ ಮನಸ್ಸಿಗಿಂತ ಮೊದಲು ನಿದ್ದೆ ಬರುತ್ತದೆ.

ದೊಡ್ಡಪ್ಪನಿಗೆ ಚಿಕ್ಕನರಗುಂದದಲ್ಲಿ ಎರೆಹೊಲವಿತ್ತು. ಹೊಲದ ಜೊತೆಗೆ ಅಜ್ಜನಿಂದ ಬಂದದ್ದು ಒಂದು ಬಂದೂಕು. ಒಂಟಿ ನಳಿಗೆಯದು, ಒಂದು ಸಲಕ್ಕೆ ಒಂದೇ ಬಾರು. ಮತ್ತೆ ಹಾರಿಸಬೇಕೆಂದರೆ ನಳಿಗೆಯನ್ನು ಬಾಗಿಸಿ ತೆರೆದು, ಖಾಲಿ ಕೊಳವೆ ತೆಗೆದು, ಇನ್ನೊಂದು ತುರುಕಬೇಕು. ಅಷ್ಟರಲ್ಲಿ ಹೊಡೆಯಬೇಕಾದದ್ದು ಕೊಣ್ಣೂರು ದಾಟಿರುತ್ತಿತ್ತು. ಇದು ಬ್ರಿಟಿಷರ ವಿರುದ್ಧದ ಬಂಡಾಯದ ಕಾಲದ ಬಂದೂಕು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನರಗುಂದದಲ್ಲಿ ಯಾವ ಹಳೆ ಮನೆಗೆ ಹೋದರೂ ತುಕ್ಕು ಹಿಡಿದದ್ದೆಲ್ಲ ಬಂಡಾಯದ್ದೇ. ಹಿತ್ತಾಳೆ ಕಾಡತೂಸಿನ ಬಂದೂಕು ಆ ಕಾಲದಲ್ಲಿ ಇರಲಿಲ್ಲ ಎಂದು ಓದಿಕೊಂಡ ಮೇಲೆ ಒಮ್ಮೆ ಹೇಳಿ ನೋಡಿದೆ. ಅಪ್ಪ ಮೂರು ದಿನ ಮಾತು ಬಿಟ್ಟ.

ಕಾಡತೂಸು ಎಂದರೆ ಬೆರಳುದ್ದದ ಹಿತ್ತಾಳೆಯ ಕೊಳವೆ. ಒಮ್ಮೆ ಹಾರಿಸಿದ ಮೇಲೆ ಬಿಸಾಡುವಂಥದಲ್ಲ, ಮತ್ತೆ ತುಂಬಿ ಬಳಸುವಂಥದು. ತುಂಬುವ ಕೆಲಸ ನಡೆಯುತ್ತಿದ್ದುದು ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಅವತ್ತು ಅಂಗಡಿಯ ರಂಗೇ ಬೇರೆ. ಮೊದಲು ಇಸ್ತ್ರಿ ಪೆಟ್ಟಿಗೆಯ ಕೆಂಡವನ್ನು ಹೊರಗೆ ಚೆಲ್ಲಿ ನೀರು ಸುರಿಯಬೇಕು. ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವವರು ಬೀಡಿ ಆರಿಸಬೇಕು, ಆರಿಸದವರು ಎದ್ದು ಹೋಗಬೇಕು. ಆಮೇಲೆ ದೊಡ್ಡಪ್ಪ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೊಳವೆಗಳನ್ನು ನಿಲ್ಲಿಸುತ್ತಿದ್ದ. ಹುಬ್ಬಳ್ಳಿಯಿಂದ ಲೈಸೆನ್ಸಿನ ಮೇಲೆ ತಂದ ಮದ್ದಿನ ಡಬ್ಬಿ ಒಂದು ಕಡೆ, ಛರ್ರೆಯ ಡಬ್ಬಿ ಇನ್ನೊಂದು ಕಡೆ. ಛರ್ರೆ ಎಂದರೆ ಸೀಸದ ಸಣ್ಣ ಗುಂಡುಗಳು.

ತಕ್ಕಡಿ ಗಿಕ್ಕಡಿ ಇರಲಿಲ್ಲ. ದರ್ಜಿಯ ಹತ್ತಿರ ಏನಿರುತ್ತದೋ ಅದೇ ಅಳತೆ. ಎರಡು ಅಂಗುಸ್ತಾನ, ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದರಿಂದ ಮದ್ದು, ದೊಡ್ಡದರಿಂದ ಛರ್ರೆ. ಮದ್ದು ಅಳೆಯುವುದು ನನ್ನ ಕೆಲಸ. ಸಣ್ಣ ಅಂಗುಸ್ತಾನ ತುಂಬಿ, ಬಟ್ಟೆಗೆ ಗೆರೆ ಎಳೆಯುವ ಸುಣ್ಣದ ಬಿಲ್ಲೆಯ ಅಂಚಿನಿಂದ ಮೇಲಿನದನ್ನು ಸವರಿ ಕೊಳವೆಗೆ ಸುರಿಯುತ್ತಿದ್ದೆ. ಅದರ ಮೇಲೆ ಕೋಟಿನ ಚಿಂದಿಯಿಂದ ದುಂಡಗೆ ಕತ್ತರಿಸಿದ ಉಣ್ಣೆಯ ಬಿಲ್ಲೆ. ಆಮೇಲೆ ದೊಡ್ಡಪ್ಪ ಛರ್ರೆ ಹಾಕಿ, ಮತ್ತೊಂದು ಉಣ್ಣೆ ಬಿಲ್ಲೆ ಒತ್ತಿ, ಮೇಣ ಬಿಟ್ಟು ಬಾಯಿ ಮುಚ್ಚುತ್ತಿದ್ದ. ಉಣ್ಣೆ ಯಾರ ಕೋಟಿನದೋ ಅವರ ಹೆಸರನ್ನು ಕಾಡತೂಸಿಗೆ ಇಡುವುದು ನನ್ನ ಆಟವಾಗಿತ್ತು. ಹೆಡ್ ಮಾಸ್ತರರ ಬೂದು ಕೋಟು ಎರಡು ಸಲ ಹಾರಿತ್ತು.

"ಅಳತಿ ಅಂದ್ರ ಅಳತಿ ನೋಡ ಸುಮ್ಮಿ," ಎನ್ನುತ್ತಿದ್ದ ದೊಡ್ಡಪ್ಪ. "ಅಂಗಿ ಬಿಗಿ ಆದ್ರ ಬಿಚ್ಚಿ ಮತ್ತ ಹೊಲೀಬಹುದು. ಇದು ಬಿಗಿ ಆತಂದ್ರ ಹೊಲ್ಯಾಕ ಕೈನ ಇರಂಗಿಲ್ಲ."

"ಛರ್ರಾನೂ ನಾನ ಹಾಕ್ಲಿ, ದೊಡ್ಡಪ್ಪಾ?"

"ಬ್ಯಾಡವ್ವ. ಸೀಸ ಅದು, ವಿಷ. ಕೈಗೆ ಹತ್ತಬಾರದು."

ಛರ್ರೆಯ ಡಬ್ಬಿಯನ್ನು ಅವನು ನನಗೆ ಮುಟ್ಟಿಸುತ್ತಲೇ ಇರಲಿಲ್ಲ. ಎಷ್ಟು ಜೋಪಾನ ಮಾಡುತ್ತಾನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಎಲ್ಲ ಕಾಡತೂಸಿಗೂ ಛರ್ರೆ ಹಾಕುತ್ತಿರಲಿಲ್ಲ. ಅರ್ಧ ಬರೇ ಸಪ್ಪಳಕ್ಕೆ, ಮದ್ದು ಮತ್ತು ಉಣ್ಣೆ ಮಾತ್ರ. ಹೊಲಕ್ಕೆ ಬೀಳುವ ಚಿಗರಿ, ಅಂದರೆ ಜಿಂಕೆಗಳನ್ನು ಬೆದರಿಸಲು ಅಷ್ಟು ಸಾಕು. ಮುಚ್ಚಿದ ಮೇಲೆ ಎರಡೂ ಒಂದೇ ಥರ ಕಾಣುವುದರಿಂದ ಗುರುತು ಬೇಕಲ್ಲ, ಅದಕ್ಕೆ ಕೊಳವೆಯ ಕೊರಳಿಗೆ ದಾರ ಕಟ್ಟುವುದು. ಸಪ್ಪಳದ್ದಕ್ಕೆ ಒಂದು ಗಂಟು, ಛರ್ರೆಯದಕ್ಕೆ ಎರಡು ಗಂಟು. ಕಣ್ಣು ಚಿಗರಿಯ ಮೇಲಿದ್ದಾಗ ಬೆರಳಿಗೆ ತಿಳಿಯಲಿ ಎಂದು ದೊಡ್ಡಪ್ಪ ಮಾಡಿಕೊಂಡ ಉಪಾಯ. ದಾರ ಕಟ್ಟುವವಳೂ ನಾನೇ.

ಈಗ ನನ್ನ ಹನ್ನೊಂದನೆಯ ವಯಸ್ಸಿನ ಒಂದು ಮಧ್ಯಾಹ್ನಕ್ಕೆ ಬನ್ನಿ. ಮೇಜಿನ ಮೇಲೆ ಆರು ಕಾಡತೂಸು ಮುಚ್ಚಿಕೊಂಡು ನಿಂತಿವೆ. "ನಿನ್ನ ಬಲಕ್ಕಿರೂ ಮೂರಕ್ಕ ಎರಡು ಗಂಟು, ಎಡಕ್ಕಿರೂ ಮೂರಕ್ಕ ಒಂದು," ಎಂದು ದೊಡ್ಡಪ್ಪ ಹೇಳಿದ್ದಾನೆ. ಬಲ ಯಾವುದೆಂದು ನಾನು ಊಟದ ಕೈ ನೆನೆಯುವಷ್ಟರಲ್ಲಿ ಬೀದಿಯಲ್ಲಿ ಬಾಜಾ ಶುರುವಾಯಿತು. ಮದುಮಗನ ಮೆರವಣಿಗೆ. ಮದುಮಗ ಹಾಕಿಕೊಂಡಿದ್ದದ್ದು ದೊಡ್ಡಪ್ಪ ಎಂಟು ದಿನ ಕೂತು ಹೊಲಿದ ನೀಲಿ ಕೋಟು.

"ನಮ್ಮ ಕೋಟು ಹೊಂಟೈತಿ, ಬಾ ಬಾ ಸುಮ್ಮಿ, ಲಗೂ ಬಾ!" ಎಂದು ದೊಡ್ಡಪ್ಪನೇ ನನಗಿಂತ ಮುಂಚೆ ಬಾಗಿಲಿಗೆ ಓಡಿದ. ಮದುಮಗ ಕುದುರೆಯ ಮೇಲೆ ಕೂತಿದ್ದರೂ ಕೋಟಿನ ಬೆನ್ನಿಗೆ ಒಂದು ಸುಕ್ಕು ಬಿದ್ದಿರಲಿಲ್ಲ. ಕೋಟು ನೋಡಿ ಕಣ್ತುಂಬಿಕೊಂಡು ಅವನು ಬಾಗಿಲಲ್ಲೇ ನಿಂತ. ನಾನು ಒಳಗೆ ಬಂದು ಕೈಗೆ ಸಿಕ್ಕ ಸ್ಟೂಲಿನ ಮೇಲೆ ಕೂತು ದಾರ ಕಟ್ಟಿದೆ. ಬಲದ ಮೂರಕ್ಕೆ ಎರಡು ಗಂಟು, ಎಡದ ಮೂರಕ್ಕೆ ಒಂದು.

ಆ ಸ್ಟೂಲು ನನ್ನದೋ, ಮೇಜಿನ ಆಚೆ ಬದಿಯಲ್ಲಿದ್ದ ದೊಡ್ಡಪ್ಪನದೋ? ನನಗೆ ನೆನಪಿಲ್ಲ. ಆಚೆ ಬದಿಯದಾಗಿದ್ದರೆ ನನ್ನ ಬಲ ಎಡವಾಗಿರಬೇಕು. ನಲವತ್ತೇಳು ವರ್ಷ ಈ ಒಂದು ಸ್ಟೂಲನ್ನು ನಾನು ಮನಸ್ಸಿನಲ್ಲಿ ಆ ಕಡೆಗೂ ಈ ಕಡೆಗೂ ಎಳೆದಾಡಿದ್ದೇನೆ.

ಮುಂದಿನ ರವಿವಾರ ಚಿಕ್ಕನರಗುಂದದ ಹೊಲದಲ್ಲಿ ಕಡಲೆಗೆ ಚಿಗರಿ ಬಿದ್ದವು ಎಂದು ಸುದ್ದಿ ಬಂತು. ದೊಡ್ಡಪ್ಪ, ದೊಡ್ಡವ್ವ, ರೊಟ್ಟಿ ಬುತ್ತಿ, ಕಾಡತೂಸಿನ ಚೀಲ ಹಿಡಿದುಕೊಂಡು ನಾನು. ಅಕ್ಕಪಕ್ಕದ ಹೊಲದವರು ಹತ್ತು ಹದಿನೈದು ಜನ ಬದುವಿನ ಮೇಲೆ ನೆರೆದಿದ್ದರು. ಚಿಗರಿ ಹೊಡೆದರೆ ಅಪರಾಧ ಎಂಬ ಸುದ್ದಿ ಆಗಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ, ಮುಟ್ಟಿದ್ದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಬರೇ ಸಪ್ಪಳ ಮಾಡಿ ಉಪಯೋಗಿಲ್ರಿ. ಒಂದನ್ನರ ಕೆಡವ್ರಿ, ಉಳಿದಾವು ಈ ಕಡೆ ಹಾಯಂಗಿಲ್ಲ," ಎಂದರು ಎಲ್ಲರೂ.

ಉದ್ದ ಕೊಂಬಿನ ಕರಿ ಚಿಗರಿಯೊಂದು ಕಲ್ಲು ಎಸೆದರೆ ತಾಗುವಷ್ಟು ಹತ್ತಿರ ಬಂದು ನಿಂತಿತ್ತು. ದೊಡ್ಡಪ್ಪ ಹಿಂದಕ್ಕೆ ನೋಡದೆ ಕೈ ಚಾಚಿ, "ಎರಡು ಗಂಟಿಂದು ಕೊಡು," ಎಂದ. ಬೆರಳಿನಿಂದ ಗಂಟು ಮುಟ್ಟಿ ನೋಡಿ ಕೊಟ್ಟೆ. ಅವನೂ ಮುಟ್ಟಿ ನೋಡಿ ತುಂಬಿಕೊಂಡ. ಬಾರು ಹಾರಿತು. ಹೊಗೆ ಸರಿದ ಮೇಲೆ ನೋಡಿದರೆ ಚಿಗರಿ ಆಚೆ ಹೊಲದಲ್ಲಿ ಜಿಗಿಯುತ್ತ ಹೋಗುತ್ತಿದೆ. ನೀಲಿ ಉಣ್ಣೆಯ ಬಿಲ್ಲೆಯೊಂದು ಗಾಳಿಯಲ್ಲಿ ತೇಲಿ ಬಂದು ಕಡಲೆ ಗಿಡದ ಮೇಲೆ ಕೂತಿತು. ಒಬ್ಬ ಅದನ್ನು ಎತ್ತಿಕೊಂಡ.

"ಏ, ನೋಡ್ರೋ! ಸಿಂಪಿಗ್ಯಾ ಚಿಗರಿಗೆ ಕೋಟು ಹೊಲ್ಯಾಕ ಹೊಂಟಾನ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಪ್ಪನೂ ನಕ್ಕ. ಅವತ್ತಿನಿಂದ ಅವನಿಗೆ ಹುಸಿಬಾರ, ಬಾರು ಹುಸಿಹೋದವ, ಎಂದು ಹೆಸರು ಬಿತ್ತು. ಕೋಟಿನ ಅಳತೆ ಕೊಡಲು ಬಂದವರು, "ಗುರಿ ಇಟ್ಟು ತಗೋಪಾ ಹುಸಿಬಾರ, ತೋಳು ಗಿಡ್ಡ ಆದೀತು," ಎನ್ನುವರು. ನಮ್ಮ ಶಾಲೆಯ ಹುಡುಗರು ನನ್ನನ್ನು ನೋಡಿದರೆ ಬಾಯಲ್ಲಿ ಢಂ ಎಂದು ಸಪ್ಪಳ ಮಾಡುವರು. ದೊಡ್ಡಪ್ಪ ಮತ್ತೆ ಆ ಬಂದೂಕು ಹಾರಿಸಲಿಲ್ಲ. ಚುನಾವಣೆ ಬಂದಾಗ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಆ ತಿರುಗಾಟ ಬಿಟ್ಟರೆ ಅದು ಗೋಡೆ ಬಿಟ್ಟು ಇಳಿಯಲಿಲ್ಲ. ಉಳಿದ ಐದು ಕಾಡತೂಸು ಒಂದು ಬಿಸ್ಕೀಟಿನ ಡಬ್ಬಿ ಸೇರಿ ಟ್ರಂಕಿನ ತಳ ಕಂಡವು.

ದಾರ ಅದಲುಬದಲು ಮಾಡಿದವಳು ನಾನೇ ಎಂದು ನನಗೆ ಅನ್ನಿಸಿತು. ಒಮ್ಮೆ ಖಾತ್ರಿಯಾಗಿ ಅನ್ನಿಸುವುದು, ಇನ್ನೊಮ್ಮೆ, ಇಲ್ಲ, ಅವನ ಗುರಿಯೇ ತಪ್ಪಿರಬೇಕು ಅನ್ನಿಸುವುದು. ಕೇಳಿಬಿಡಬಹುದಿತ್ತು. ಕೇಳಲು ಹೆದರಿಕೆ. ಅವನು ಬೈದಿದ್ದರೂ ಸಮಾಧಾನವಾಗುತ್ತಿತ್ತು, ಒಂದು ಮಾತು ಆಡಲಿಲ್ಲ. ಮೇಜು ಕಂಡರೆ ಸಂಕಟವಾಗತೊಡಗಿ ನಾನು ಅಂಗಡಿಗೆ ಹೋಗುವುದನ್ನು ಬಿಟ್ಟೆ. "ಅಭ್ಯಾಸ ಭಾಳ ಐತಿ," ಎಂದೆ. ಹಾಗೆ ನೆವಕ್ಕೆ ಹಿಡಿದ ಪುಸ್ತಕದಿಂದಲೇ ವಿಜ್ಞಾನದ ಅಕ್ಕೋರಾದೆ ಎಂದು ಕಾಣುತ್ತದೆ.

ನನ್ನ ಮದುವೆಯಲ್ಲಿ ದೊಡ್ಡಪ್ಪ ಹೊಲಿಗೆ ಡಬ್ಬಿ ಉಡುಗೊರೆ ಕೊಟ್ಟ. ಒಳಗೆ ಸೂಜಿ, ದಾರ, ಕತ್ತರಿ, ಒಂದೇ ಒಂದು ಅಂಗುಸ್ತಾನ. "ಇಟ್ಕೋ, ನೆನಪಿರಲಿ," ಎಂದ. ಅಷ್ಟೇ. ಏನು ನೆನಪಿರಲಿ? ಅದು ಸಣ್ಣದಾಗಿದ್ದರೆ, ನಾನು ಮದ್ದು ಅಳೆಯುತ್ತಿದ್ದ ನನ್ನ ಅಂಗುಸ್ತಾನ, ಪ್ರೀತಿಯಿಂದ ಕೊಟ್ಟದ್ದು. ದೊಡ್ಡದಾಗಿದ್ದರೆ, ಛರ್ರೆಯದು, ನೀನು ಮಾಡಿದ್ದು ಮರೆಯಬೇಡ ಎಂದು ಕೊಟ್ಟದ್ದು. ಇನ್ನೊಂದು ಎಲ್ಲಿದೆ ಎಂದು ಹುಡುಕಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೇ ಗುಂಡಿ ಹಚ್ಚುವಾಗಿನ ಆ ಪರದಾಟ.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡ. ದೊಡ್ಡವ್ವನನ್ನು ರೋಣಕ್ಕೆ ಕರೆದುಕೊಂಡು ಬಂದೆ. ಎಂಬತ್ತೆರಡಾದರೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಆಕೆಯ ಜೊತೆಗೆ ಟ್ರಂಕು ಬಂತು, ಟ್ರಂಕಿನೊಳಗೆ ಬಿಸ್ಕೀಟಿನ ಡಬ್ಬಿಯೂ ಬಂತು. ಲೈಸೆನ್ಸು ಯಾರ ಹೆಸರಿಗಿತ್ತೋ ಅವರು ತೀರಿದ ಮೇಲೆ ಬಂದೂಕನ್ನು ಇಟ್ಟುಕೊಳ್ಳುವ ಹಾಗಿಲ್ಲ. ನಾನೂ ನಮ್ಮ ಯಜಮಾನರೂ ಠಾಣೆಗೆ ಒಪ್ಪಿಸಲು ಹೋದೆವು. ಠಾಣೆಯ ರೈಟರು ಬಂದೂಕು ತೆಗೆದುಕೊಂಡರು, ಡಬ್ಬಿ ತೆರೆದು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಇವು ಕೈಲೆ ತುಂಬಿದ್ದೇನ್ರಿ ಅಕ್ಕೋರ?"

"ಹೌದ್ರಿ."

"ಯಾವಾಗ?"

"ನಾ ಸಾಲ್ಯಾಗ ಐದನೇತ್ತೆ ಇದ್ದಾಗ."

"ಬ್ಯಾಡ್ರಿ ಯವ್ವಾ! ಗಜೇಂದ್ರಗಡದಾಗ ಬಂದೂಕಿನ ಕೆಲಸ ಗೊತ್ತಿದ್ದ ಮಿಸ್ತ್ರಿ ಒಬ್ರು ಅದಾರ. ನಾ ಫೋನ್ ಮಾಡಿ ಹೇಳ್ತೀನಿ, ಒಬ್ಬ ಪೇದೆನ್ನೂ ಜೋಡಿ ಕೊಡ್ತೀನಿ. ಬಿಚ್ಚಿಸಿ ಖಾಲಿ ಕೊಳವಿ ಅಷ್ಟ ತರ್ರಿ."

ಆಗ ಹೊಳೆಯಿತು. ನನ್ನ ಪ್ರಶ್ನೆಯ ಉತ್ತರ ಇಷ್ಟು ವರ್ಷವೂ ಆ ಡಬ್ಬಿಯೊಳಗೆ ಮೇಣ ಹಚ್ಚಿಕೊಂಡು ಕೂತಿತ್ತು. ಎರಡು ಗಂಟಿನವು ಎರಡು, ಒಂದು ಗಂಟಿನವು ಮೂರು. ಎರಡು ಗಂಟಿನದರಲ್ಲಿ ಛರ್ರೆ ಸಿಕ್ಕರೆ ನಾನು ಸರಿಯಾಗಿ ಕಟ್ಟಿದ್ದೆ. ಒಂದು ಗಂಟಿನದರಲ್ಲಿ ಸಿಕ್ಕರೆ, ದೊಡ್ಡಪ್ಪನ ಮೇಲೆ ಆ ಹೆಸರು ಹೊರಿಸಿದವಳು ನಾನೇ. ಗೊತ್ತಾಗಲಿ ಎಂದು ಒಂದು ಮನಸ್ಸು. ಕೊಣ್ಣೂರಿನ ಸೇತುವೆಗೆ ಹೋಗಿ ಡಬ್ಬಿಯನ್ನು ಹೊಳೆಗೆ ಎಸೆದು ಬರೋಣ ಎಂದು ಇನ್ನೊಂದು ಮನಸ್ಸು. ಯಜಮಾನರಿಗೆ ಹೇಳಿದರೆ, "ಎಸದ್ರ ಕೇಸ ಆಗ್ತೈತಿ," ಎಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು.

ಹೊರಡುವ ದಿನ ಬೆಳಿಗ್ಗೆ ಅವರ ಅಂಗಿಯ ಗುಂಡಿ ಕಿತ್ತಿತು. ಹಚ್ಚಿಕೊಟ್ಟ ಮೇಲೆ ಅಂಗುಸ್ತಾನವನ್ನು ಡಬ್ಬಿಗೆ ಹಾಕುವ ಬದಲು ಪರ್ಸಿಗೆ ಹಾಕಿಕೊಂಡೆ. ಯಾಕೆ ಎಂದು ನನಗೂ ಸ್ಪಷ್ಟವಿರಲಿಲ್ಲ. ದೊಡ್ಡವ್ವನೂ ಬರುತ್ತೇನೆಂದು ಹಟ ಹಿಡಿದಳು. "ಅವ್ರ ಕೈಯಾನ ಕಡೀ ಕೆಲಸ ಅದು, ನಾ ನೋಡಬೇಕು," ಎಂದಳು. ಕಾರಿನಲ್ಲಿ ಮುಂದೆ ಪೇದೆ, ಹಿಂದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ ದೊಡ್ಡವ್ವ. ರಸ್ತೆಯ ಒಂದೊಂದು ತಗ್ಗಿಗೂ ಪೇದೆ ಹಿಂತಿರುಗಿ ಡಬ್ಬಿ ನೋಡುತ್ತಿದ್ದ. ದೊಡ್ಡವ್ವ ಅವನಿಗೆ ಶೇಂಗಾ ಚಿಕ್ಕಿ ಕೊಟ್ಟು ಸಮಾಧಾನ ಮಾಡಿದಳು.

ಮಿಸ್ತ್ರಿ ತೆಳ್ಳಗಿನ ಮುದುಕರು. ಗುಡ್ಡದ ಕೆಳಗೆ ಅವರ ಮನೆ. ಅಂಗಳದ ಬೇವಿನ ನೆರಳಿನಲ್ಲಿ ಒಂದು ಬಕೀಟು ನೀರು, ಒಂದು ತಟ್ಟೆ, ಒಂದು ಹಿತ್ತಾಳೆಯ ಕೊಕ್ಕೆ ಇಟ್ಟುಕೊಂಡು ನಮ್ಮನ್ನು ದೂರ ಕೂರಿಸಿದರು.

"ಯಾವುದು ಮದಲ ಬಿಚ್ಚಲ್ರಿ?"

"ಎರಡು ಗಂಟಿಂದು," ಎಂದೆ.

ಅವರು ದಾರ ಕತ್ತರಿಸಿದರು. ಮೇಣ ಕೆರೆದರು. ಕೊಕ್ಕೆಯಿಂದ ಉಣ್ಣೆಯ ಬಿಲ್ಲೆಯನ್ನು ಮೆಲ್ಲಗೆ ಎತ್ತಿದರು. ನೀಲಿ ಕೋಟು, ಬಣ್ಣ ಹಾಗೇ ಇತ್ತು. ಅದರ ಕೆಳಗೆ ಇನ್ನೊಂದು ನೀಲಿ ಬಿಲ್ಲೆ. ಅದರ ಕೆಳಗೆ ಮದ್ದು. ಛರ್ರೆ ಇಲ್ಲ. ಎರಡನೆಯದರಲ್ಲೂ ಇಲ್ಲ.

ಅಂದರೆ ನಾನೇ. ನಾನು ದೊಡ್ಡಪ್ಪನ ಸ್ಟೂಲಿನ ಮೇಲೇ ಕೂತಿದ್ದೆ. ಇಷ್ಟು ವರ್ಷ ಅನುಮಾನ ಎಂಬುದೊಂದಿತ್ತಲ್ಲ, ಅದೂ ಹೋಯಿತು. ಯಜಮಾನರು ನನ್ನ ಕಡೆ ನೋಡಿದರು, ನಾನು ಬೇವಿನ ಮರದ ಕಡೆ ನೋಡಿದೆ. ಮಿಸ್ತ್ರಿ ಒಂದು ಗಂಟಿನದನ್ನು ಕೈಗೆತ್ತಿಕೊಂಡರು. ಬಿಲ್ಲೆ ಎತ್ತಿ ಕೊಳವೆಯನ್ನು ತಟ್ಟೆಗೆ ಬಗ್ಗಿಸಿದರು. ಬೂದು ಕಾಳುಗಳು ಉದುರಿದವು. ಸೀಸ ಬಿದ್ದ 'ಟಣ್' ಸಪ್ಪಳ ಮಾತ್ರ ಬರಲಿಲ್ಲ.

ಮಿಸ್ತ್ರಿ ಒಂದು ಕಾಳನ್ನು ಎತ್ತಿ ಉಗುರಿನಿಂದ ಒಡೆದರು. ಪುಡಿಯಾಯಿತು. ಮೂಸಿ ನೋಡಿದರು.

"ಇದೇನ್ರಿ ಅಕ್ಕೋರ, ಸಜ್ಜಿ!"

ಉಳಿದ ಎರಡರಲ್ಲೂ ಸಜ್ಜೆ. ದೊಡ್ಡವ್ವ ಮಾತ್ರ ಚಿಕ್ಕಿ ಚೀಪುತ್ತ ಆರಾಮಾಗಿ ಕೂತಿದ್ದಳು.

"ಸಜ್ಜಿ ಅಲ್ಲದ ಮತ್ತೇನ ಇರ್ತೈತಿ? ನಾನ ಕೇರಿ, ಹಸನ ಮಾಡಿ ಕೊಟ್ಟದ್ದು."

"ದೊಡ್ಡವ್ವಾ, ನಿನಗ ಗೊತ್ತಿತ್ತು?"

"ಗೊತ್ತಿಲ್ಲದ ಏನ? ಬಂದೂಕ ಕೈಗೆ ಬಂದ ಮದಲನೇ ವರ್ಷ ಖರೇ ಛರ್ರಾನ ಹಾಕಿ ಹೊಡದಿದ್ರು. ಹೆಣ್ಣ ಚಿಗರಿ, ಕಾಲ ಮುರಕೊಂಡು ಬಿತ್ತು. ಅದು ಸಾಯೂತನಾ ಬಾಜೂಕ ಕುಂತ ಬಂದ್ರು. ಎಂಟ ದಿನ ಕತ್ತರಿ ಹಿಡೀಲಿಲ್ಲ. ಒಂಬತ್ತನೇ ದಿನ, ಒಂದ ಪಾವು ಸಜ್ಜಿ ಕೊಡು, ಯಾರಿಗೂ ಹೇಳಬ್ಯಾಡ ಅಂದ್ರು."

"ಮತ್ತ ಬಂದೂಕ ಕೊಟ್ಟಬಿಡಬೇಕಿತ್ತಲ್ಲ?"

"ಇವ್ರು ಕೊಟ್ರ ಆ ಬದುವಿನ ಮ್ಯಾಲಿನ ಮಂದಿಯೊಳಗ ಯಾವನರ ತಗೋತಿದ್ದ. ಅವ ಖರೇನ ಹೊಡೀತಿದ್ದ. ಕಟ್ಟಿಮ್ಯಾಲೆ ಕುಂತಾವ್ರು ತುಂಬೂದು ನೋಡತಿರ್ತಿದ್ರು. ದೂರಿಂದ ಸಜ್ಜಿ ಯಾವುದು, ಛರ್ರಾ ಯಾವುದು ಯಾರಿಗೆ ತಿಳೀತೈತಿ?"

ಅಂಗೈಯಲ್ಲಿ ಒಂದಿಷ್ಟು ಕಾಳು ಹಾಕಿಕೊಂಡು ನಾನು ಕೂತೇ ಇದ್ದೆ. ತಪ್ಪು ಮಾಡಿದ್ದು ನಾನೇ, ಅದು ಖಾತ್ರಿಯಾಯಿತು. ನಾನು ಸರಿಯಾಗಿ ಕಟ್ಟಿದ್ದರೂ ಚಿಗರಿ ಜಿಗಿದುಕೊಂಡೇ ಹೋಗುತ್ತಿತ್ತು, ಅದೂ ಖಾತ್ರಿಯಾಯಿತು. ಸಂತೋಷ ಪಡಬೇಕೋ, ನಲವತ್ತೇಳು ವರ್ಷ ದಂಡವಾಯಿತೆಂದು ಸಿಟ್ಟು ಮಾಡಬೇಕೋ, ಮಾಡಿದರೆ ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ ದೊಡ್ಡವ್ವನ ಕಿವಿಯ ಹತ್ತಿರ ಬಗ್ಗಿ ಹೇಳಿಬಿಟ್ಟೆ. ಬಾಜಾ, ನೀಲಿ ಕೋಟು, ಸ್ಟೂಲು, ಗಂಟು, ಎಲ್ಲ.

ಆಕೆ ಚಿಕ್ಕಿ ಚೀಪುವುದನ್ನು ನಿಲ್ಲಿಸಿದಳು.

"ಅದಕ್ಕ ಅಂಗಡಿಗೆ ಬರೋದು ಬಿಟ್ಟಿ?"

"ಹೂಂ."

"ಅಯ್ಯ ನನ್ನ ಮಗಳ! ಅವ್ರು ಬ್ಯಾರೆನ ತಿಳಕೊಂಡಿದ್ರಲ್ಲ. ಹುಸಿಬಾರ ಅಂತ ಮಂದಿ ಕರಿಯೂದಕ್ಕ ಸುಮ್ಮಿಗೆ ನಾಚಿಕಿ ಆಗೇತಿ, ನನ್ನ ಹತ್ರ ಕೂಡಾಕ ಒಲ್ಲಳು ಅಂತ. ಮಂದಿ ನಕ್ಕದ್ದಕ್ಕ ಅವ್ರಿಗೆ ಏನೂ ಅನಸಿರಲಿಲ್ಲ. ಇನ್ನ ಯಾರೂ ಹೊಡಿ ಅನ್ನಂಗಿಲ್ಲ ಅಂತ ಆರಾಮನ ಇದ್ರು. ನಿಂದೊಂದ ಭಾಳ ಹಚ್ಚಿಕೊಂಡಿದ್ರು. ಸಾಲಿ ಬಿಡೂ ಹೊತ್ತಿಗೆ ಅಂಗಡಿ ಬಾಗಿಲಿಗೆ ಬಂದು ನಿಂದರ್ತಿದ್ರು."

ಸಾಲಿ ಬಿಟ್ಟ ಮೇಲೆ ನಾನು ಪೇಟೆಯ ದಾರಿ ತಪ್ಪಿಸಿ ಸುತ್ತು ಬಳಸಿ ಮನೆಗೆ ಹೋಗುತ್ತಿದ್ದೆ. ಅದನ್ನು ದೊಡ್ಡವ್ವನಿಗೆ ಹೇಳಲಿಲ್ಲ. ಅಳು ಬಂತು. ಅಪರಿಚಿತ ಮಿಸ್ತ್ರಿಯ ಅಂಗಳದಲ್ಲಿ, ಪೇದೆಯ ಎದುರಿಗೆ, ಐವತ್ತೆಂಟು ವರ್ಷದ ಅಕ್ಕೋರು ನಾನು ಮೂಗು ಸೊರಗುಟ್ಟಿಸಿ ಅತ್ತೆ. ಪೇದೆ ಪಾಪ, ಮದ್ದಿನ ಘಾಟು ಕಣ್ಣಿಗೆ ಹತ್ತಿತು ಎಂದುಕೊಂಡು ನೀರು ತಂದುಕೊಟ್ಟ.

ಮಿಸ್ತ್ರಿ ಕಾಗದದ ಮೇಲೆ ಒಂದು ಕೊಳವೆಯ ಮದ್ದನ್ನು ಉದುರಿಸಿ ಇನ್ನೇನು ಬಕೀಟಿಗೆ ಸುರಿಯಬೇಕು, ಆಗ ಪರ್ಸಿನೊಳಗಿನ ಅಂಗುಸ್ತಾನ ನೆನಪಾಯಿತು. "ಒಂದ ನಿಮಿಷ ತಡೀರಿ," ಎಂದು ಅದನ್ನು ತೆಗೆದು ಮುಂದೆ ಹಿಡಿದೆ. ಹನ್ನೊಂದನೆಯ ವಯಸ್ಸಿನಲ್ಲಿ ನಾನು ಅಳೆದು ಹಾಕಿದ ಮದ್ದು ಅದು. ದೊಡ್ಡ ಅಂಗುಸ್ತಾನವಾದರೆ ಮೇಲೆ ಖಾಲಿ ಉಳಿಯಬೇಕು. ಮಿಸ್ತ್ರಿ ನನ್ನ ಮುಖ ನೋಡಿ, ಕಾಗದ ಮಡಿಸಿ ಮದ್ದನ್ನು ಅದರೊಳಗೆ ಬಿಟ್ಟರು. ತುಂಬುತ್ತ ತುಂಬುತ್ತ ಅಂಚಿಗೆ ಬಂತು, ಅಂಚಿಗೆ ಸರಿಯಾಗಿ ನಿಂತಿತು. ಸವರಲು ಒಂದು ಕಣವೂ ಹೆಚ್ಚಿರಲಿಲ್ಲ.

ಮದ್ದು ಬಕೀಟಿಗೆ ಹೋಯಿತು. ಖಾಲಿ ಕೊಳವೆಗಳನ್ನು ಪೇದೆ ಚೀಲಕ್ಕೆ ಹಾಕಿಕೊಂಡ. ಸಜ್ಜೆಯನ್ನು ದೊಡ್ಡವ್ವ ಸೆರಗಿಗೆ ಹಾಕಿಕೊಂಡಳು. ಕಾರಿನಲ್ಲಿ ಕೂತು ಅಂಗುಸ್ತಾನವನ್ನು ಮೊದಲ ಸಲ ಬೆರಳಿಗೆ ಹಾಕಿ ನೋಡಿದೆ. ಉಗುರಿನ ಅರ್ಧಕ್ಕೇ ನಿಂತುಬಿಟ್ಟಿತು, ಮುಂದೆ ಏರಲಿಲ್ಲ.

"ಕಿರಿಬೆಳ್ಳಿಗೆ ಹಾಕ್ಕೋ," ಎಂದಳು ದೊಡ್ಡವ್ವ. ಕಿರುಬೆರಳಿಗೆ ಸರಿಹೋಯಿತು. ಹೊಲಿಗೆಗೆ ಆ ಬೆರಳಿನಿಂದ ಏನೂ ಉಪಯೋಗವಿಲ್ಲ.

ರೋಣ ಹತ್ತಿರವಾದಾಗ ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತಲೇ, "ಒಂದ ಮಾತು ಕೇಳಿದ್ರ ಮುಗೀತಿತ್ತು," ಎಂದಳು.

"ಯಾರು ದೊಡ್ಡವ್ವಾ, ನಾನೋ, ಅವನೋ?"

"ಇಬ್ರೂ," ಎಂದಳು.